ಮೆಂಟಲ್ ಮಾಡೆಲ್ ಅಂದ್ರೆ ಏನು?

ಫೋನಲ್ಲಿ ಜಾಗ ಸಾಲ್ತಿಲ್ಲ ಅಂತ ಹಳೇ ಫೋಟೋಗಳನ್ನ ಡಿಲೀಟ್ ಮಾಡ್ತೀರ, ಹೆಂಗೂ ಕ್ಲೌಡಲ್ಲಿ ಇದಾವಲ್ಲ ಅನ್ನೋ ಧೈರ್ಯ, ಆಮೇಲೆ ಹೋಗಿ ನೋಡಿದ್ರೆ ಅಲ್ಲೂ ಮಾಯ! ನಿಮ್ಮ ತಲೇಲಿ ಕ್ಲೌಡ್ ಅಂದ್ರೆ ಒಂದು ಬೀರು, ಇಟ್ಟಿದ್ದು ಇಟ್ಟಲ್ಲೇ ಇರುತ್ತೆ. ಆದ್ರೆ ಸಿಂಕ್ ಆನ್ ಇದ್ದಾಗ ಅದು ಕನ್ನಡಿ ಥರ, ಈ ಕಡೆ ತೆಗೆದ್ರೆ ಆ ಕಡೆನೂ ಹೋಗುತ್ತೆ. ಆ ಬೀರು ಇದ್ಯಲ್ಲ, ಅದೇ ಮೆಂಟಲ್ ಮಾಡೆಲ್. ಒಂದು ಸಿಸ್ಟಮ್ ಒಳಗೊಳಗೆ ಹೆಂಗೆ ಕೆಲ್ಸ ಮಾಡುತ್ತೆ ಅಂತ ನಾವೇ ಕಟ್ಕೊಂಡಿರೋ ಚಿತ್ರ.

ಮನಸ್ಸು ಹೊರಗಿನ ಪ್ರಪಂಚದ್ದೊಂದು ಪುಟ್ಟ ಮಾದರಿ ಇಟ್ಕೊಂಡು ಮುಂದೇನಾಗಬಹುದು ಅಂತ ಅದರಲ್ಲೇ ಓಡಿಸಿ ನೋಡುತ್ತೆ ಅಂತ 1943ರಲ್ಲೇ ಕೆನೆತ್ ಕ್ರೇಕ್ ಅನ್ನೋ ಮನಃಶಾಸ್ತ್ರಜ್ಞರು ಹೇಳಿದ್ರು. 1983ರಲ್ಲಿ ಡೊನಾಲ್ಡ್ ನಾರ್ಮನ್ ಅನ್ನೋ ಇನ್ನೊಬ್ಬ ಸಂಶೋಧಕರು ಬರೆದಿದ್ದು ನಂಗೆ ತುಂಬಾ ಇಷ್ಟ. ಕ್ಯಾಲ್ಕುಲೇಟರಲ್ಲಿ ಕ್ಲಿಯರ್ ಬಟನ್ ಒಂದ್ಸಲ ಒತ್ತಿದ್ರೆ ಸಾಕಾಗೋ ಕಡೆನೂ ಜನ ಮತ್ತೆ ಮತ್ತೆ ಒತ್ತೋದನ್ನ ಅವರು ಗಮನಿಸಿದ್ರು. ಇದು ದಡ್ಡತನ ಅಲ್ವೇ ಅಲ್ಲ, ತಲೇಲಿರೋ ಚಿತ್ರದ ಮೇಲೆ ಪೂರ್ತಿ ನಂಬಿಕೆ ಇಲ್ಲ ಅಷ್ಟೇ. ಒಂದೊಂದು ಕ್ಯಾಲ್ಕುಲೇಟರ್‌ದು ಒಂದೊಂದು ನಿಯಮ, ಯಾವುದಕ್ಕೆ ಎಷ್ಟು ಸಲ ಅಂತ ನೆನಪಿಟ್ಕೊಳೋ ಬದ್ಲು ಎಲ್ಲಾದಕ್ಕೂ ನಾಲ್ಕು ಸಲ ಹೆಚ್ಚಿಗೆ ಒತ್ತಿಬಿಟ್ರೆ ನಿಶ್ಚಿಂತೆ!

ಸರಿ, ತಲೇಲಿರೋದನ್ನ ಹೊರಗೆ ತೆಗೆಯೋದು ಹೆಂಗೆ? ನೇರವಾಗಿ ಕೇಳಿದ್ರೆ ಕಷ್ಟ, ಕೇಳಿದ ತಕ್ಷಣ ಜನ ಅಲ್ಲೇ ಒಂದು ಕಾರಣ ಹೊಸೆದುಬಿಡ್ತಾರೆ, ಅದು ಅವರಿಗೇ ಗೊತ್ತಾಗಲ್ಲ. ಅದಕ್ಕೆ ಸಂಶೋಧಕರು, ಕೆಲ್ಸ ಮಾಡ್ತಾ ಮಾಡ್ತಾ ಮನಸ್ಸಿಗೆ ಬಂದಿದ್ದನ್ನ ಜೋರಾಗಿ ಹೇಳಿ ಅಂತಾರೆ, ಇಲ್ಲಾ ಒಂದು ಹಾಳೆ ಕೊಟ್ಟು ನೀವು ಕಳಿಸಿದ ಮೆಸೇಜ್ ಆ ಕಡೆಯವರಿಗೆ ಹೆಂಗೆ ತಲುಪುತ್ತೆ, ಚಿತ್ರ ಬರೀರಿ ಅಂತಾರೆ. ಒಬ್ರು ಎರಡು ಫೋನ್ ಮಧ್ಯೆ ಬರೀ ಒಂದು ಗೆರೆ ಎಳೆದ್ರು ಅಂದ್ಕೊಳಿ, ಮಧ್ಯೆ ಮೆಸೇಜ್ ದಾಟಿಸೋ ಕಂಪನಿಯ ಕಂಪ್ಯೂಟರ್, ಅಂದ್ರೆ ಸರ್ವರ್ರೇ ಇಲ್ಲ, ಅಂಥವ್ರಿಗೆ ತಮ್ಮ ಮೆಸೇಜ್ ಕಂಪನಿ ಹತ್ರನೂ ಇರಬಹುದು ಅನ್ನೋ ಅನುಮಾನ ಎಲ್ಲಿಂದ ಬರಬೇಕು ಹೇಳಿ? ಹತ್ತು ಪ್ರಶ್ನೆ ಕೇಳಿದ್ರೂ ಸಿಗದೇ ಇರೋದು ಆ ಒಂದು ಗೆರೇಲಿ ಸಿಗುತ್ತೆ.

2010ರಲ್ಲಿ ರಿಕ್ ವಾಶ್ ಅನ್ನೋ ಸಂಶೋಧಕರು ಮನೇಲಿ ಕಂಪ್ಯೂಟರ್ ಬಳಸೋರನ್ನ ಮಾತಾಡಿಸಿ, ವೈರಸ್ ಮತ್ತೆ ಹ್ಯಾಕರ್ ಬಗ್ಗೆ ಅವರ ಕಲ್ಪನೆಗಳೇನು ಅಂತ ವಿಂಗಡಿಸಿದ್ರು. ಹ್ಯಾಕರ್‌ಗಳು ದೊಡ್ಡ ಮೀನುಗಳನ್ನೇ ಹಿಡಿಯೋದು ಅನ್ನೋದು ಅದರಲ್ಲಿ ಒಂದು. ಹಾಗೆ ನಂಬಿರೋರಿಗೆ ಅಪ್‌ಡೇಟ್ ಮಾಡಿ, ಪಾಸ್‌ವರ್ಡ್ ಗಟ್ಟಿ ಮಾಡಿ ಅಂತ ಎಷ್ಟ್ ಸಲ ಹೇಳಿದ್ರೂ ಅದು ಬೇರೆಯವರಿಗೆ ಹೇಳ್ತಿರೋ ಮಾತು ಅನ್ಸುತ್ತೆ, ಮೊದ್ಲು ಆ ದೊಡ್ಡ ಮೀನಿನ ಚಿತ್ರ ಬದಲಾಗಬೇಕು.