ವಿದೇಶದಲ್ಲಿ ಗೆದ್ದ ಕನ್ನಡ ಚಿತ್ರ ಹಾಸನಕ್ಕೆ ಏಕೆ ಬರುವುದಿಲ್ಲ?

ಪ್ರಶ್ನೆ: ವಿದೇಶದ ಚಿತ್ರೋತ್ಸವದಲ್ಲಿ ಕನ್ನಡ ಚಿತ್ರವೊಂದು ಬಹುಮಾನ ಪಡೆದ ಸುದ್ದಿ ಓದುತ್ತೇವೆ. ಆದರೆ ಅದು ಹಾಸನದ ಚಿತ್ರಮಂದಿರಕ್ಕೆ ಬರುವುದೇ ಅಪರೂಪ, ಬಂದರೂ ವಾರ ನಿಲ್ಲುವುದಿಲ್ಲ. ಏಕೆ?

ಉತ್ತರ: ಬಹುಮಾನದ ಸುದ್ದಿಗೂ ಬಿಡುಗಡೆಗೂ ನಡುವೆ ಬೀಳುವ ಅಂತರವೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ. ದೊಡ್ಡ ಉತ್ಸವಗಳ ಸ್ಪರ್ಧಾ ವಿಭಾಗಗಳು ಸಾಮಾನ್ಯವಾಗಿ ಬೇರೆಡೆ ತೋರಿಸದ ಚಿತ್ರವನ್ನೇ ಬಯಸುವುದರಿಂದ, ಸ್ವತಂತ್ರ ನಿರ್ದೇಶಕರು ಚಿತ್ರ ಸಿದ್ಧವಾದ ಮೇಲೂ ಆಯ್ಕೆಯ ಪತ್ರಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ಒಂದು ಕಡೆ ಹೆಸರಾದರೆ ಇನ್ನಷ್ಟು ಉತ್ಸವಗಳಿಂದ ಕರೆ ಬರುತ್ತದೆ. ರಾಮ್ ರೆಡ್ಡಿಯವರ ‘ತಿಥಿ’ 2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಗೆದ್ದು, 2016ರ ಮೇ ತಿಂಗಳಲ್ಲಿ ಇಲ್ಲಿ ತೆರೆಕಂಡಿತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಉತ್ಸವದಲ್ಲಿ ಹೊಸ ನಿರ್ದೇಶಕರಿಗಾಗಿನ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದರೂ, ಕರ್ನಾಟಕದ ಪ್ರೇಕ್ಷಕರಿಗೆ ದೊರೆತದ್ದು 2024ರ ಜೂನ್‌ನಲ್ಲಿ. ಅಷ್ಟರಲ್ಲಿ ಉತ್ಸವಕ್ಕೆ ಹೋಗಿದ್ದ ವಿಮರ್ಶಕರು ಬರೆಯಬೇಕಾದದ್ದನ್ನೆಲ್ಲ ಬರೆದು ಮುಗಿಸಿರುತ್ತಾರೆ. ಅವರ ಬರಹ ಹೆಚ್ಚಾಗಿ ವಿತರಕರನ್ನೂ ಇತರ ಉತ್ಸವಗಳ ಆಯ್ಕೆಗಾರರನ್ನೂ ತಲುಪುತ್ತದೆಯೇ ಹೊರತು, ಈ ಶುಕ್ರವಾರ ಯಾವ ಚಿತ್ರಕ್ಕೆ ಹೋಗೋಣ ಎಂದು ಯೋಚಿಸುವ ಹಾಸನದ ಕುಟುಂಬವನ್ನಲ್ಲ.

ಇನ್ನು ಚಿತ್ರಮಂದಿರದ ಲೆಕ್ಕ. ಉತ್ಸವ ಪ್ರದರ್ಶನಕ್ಕೆ ಕೇಂದ್ರ ಸರ್ಕಾರದಿಂದ ಸೆನ್ಸಾರ್ ವಿನಾಯಿತಿ ಪಡೆಯಬಹುದು, ಟಾಕೀಸಿನಲ್ಲಿ ಹಾಕಲು ಮಾತ್ರ ಪ್ರಮಾಣಪತ್ರ ಬೇಕೇ ಬೇಕು. ಅದರ ಮೇಲೆ ಡಿಜಿಟಲ್ ಪ್ರದರ್ಶನದ ಶುಲ್ಕ, ಪೋಸ್ಟರು, ಪ್ರಚಾರ ಇವೆಲ್ಲ ಸೇರಿದರೆ, ಸಾಲ ಮಾಡಿ ಚಿತ್ರ ತೆಗೆದವರ ಕೈಯಲ್ಲಿ ಜಿಲ್ಲಾ ಕೇಂದ್ರಗಳಿಗಾಗಿ ಏನೂ ಉಳಿದಿರುವುದಿಲ್ಲ. ಹಾಸನದಲ್ಲಿ ಒಮ್ಮೆ ಇಂಥದೊಂದು ಚಿತ್ರದ ಬೆಳಗಿನ ಆಟಕ್ಕೆ ಹೋದಾಗ ನಾವಿದ್ದದ್ದು ಏಳು ಜನ. ಕೌಂಟರಿನಲ್ಲಿದ್ದವರು ಗಡಿಯಾರ ನೋಡಿ, “ಹತ್ತು ಟಿಕೆಟ್ ಆದ್ರೆ ಹಾಕ್ತೀವಿ ಸಾರ್” ಎಂದರು. ಸಕಲೇಶಪುರದ ಬಸ್ಸಿಗೆ ಕಾಯುತ್ತಿದ್ದ ಮೂವರು ಹುಡುಗರಿಗೆ ನಾವೇ ಟಿಕೆಟ್ ಕೊಡಿಸಿದೆವು. ಮಧ್ಯಂತರದ ಹೊತ್ತಿಗೆ ಅವರು ಎದ್ದುಹೋಗಿರುತ್ತಾರೆಂದುಕೊಂಡಿದ್ದೆ, ಹೋಗಿರಲಿಲ್ಲ.

‘ಅವಾರ್ಡ್ ಸಿನಿಮಾ ಎಂದರೆ ನಿಧಾನ’ ಎಂಬ ಮಾತೂ ಜನರನ್ನು ದೂರವಿಡುತ್ತದೆ. ಇದಕ್ಕೆ ಉತ್ಸವಕ್ಕೆ ಆಯ್ಕೆಯಾಗಿದೆ, ಗೆದ್ದಿದೆ ಎಂದು ತೋರಿಸಲು ಪೋಸ್ಟರಿನ ಮೇಲೆ ತುಂಬಿಸುವ ಎಲೆಮಾಲೆಯ ಮುದ್ರೆಗಳೂ ಸ್ವಲ್ಪ ಹೊಣೆ. ಶುಲ್ಕ ಕಟ್ಟಿದವರಿಗೆಲ್ಲ ಮುದ್ರೆ ಕೊಡುವ ಉತ್ಸವಗಳೂ ಇರುವುದರಿಂದ, ಯಾವ ಉತ್ಸವ, ಯಾವ ವಿಭಾಗ ಎಂದು ನೋಡದೆ ಅವುಗಳನ್ನು ನಂಬಬಾರದು. ಹಾಗೆಂದು ಪ್ರೇಕ್ಷಕರ ಅಭಿರುಚಿಯನ್ನು ದೂರುವುದನ್ನು ನಾನು ಒಪ್ಪುವುದಿಲ್ಲ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ಸೀಮೆಯಲ್ಲಿ ಚಿತ್ರೀಕರಣಗೊಂಡ ‘ಸಂಸ್ಕಾರ’ವನ್ನು ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು, ಅದೇ ಚಿತ್ರ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದು ನಾಡೆಲ್ಲ ಚರ್ಚೆಗೆ ಕಾರಣವಾಯಿತು. ಸಾಗರದ ಹೆಗ್ಗೋಡಿನಲ್ಲಿ ರಂಗಸಂಸ್ಥೆ ನೀನಾಸಂ 1973ರಲ್ಲಿ ಚಿತ್ರಸಮಾಜ ಆರಂಭಿಸಿ, ಅಡಿಕೆ ತೋಟದ ನಡುವಿನ ಹಳ್ಳಿಗರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿತು.

ಹಾಸನದಲ್ಲೂ ಐವತ್ತು ಅರವತ್ತು ಮಂದಿ ಮೊದಲೇ ಹಣ ಸೇರಿಸಿದರೆ, ಚಿತ್ರತಂಡದ ಒಪ್ಪಿಗೆಯೊಂದಿಗೆ ಚಿತ್ರಮಂದಿರದ ಒಂದು ಆಟವನ್ನು ಪೂರ್ತಿಯಾಗಿ ಗೊತ್ತುಮಾಡಿಕೊಳ್ಳಬಹುದು. ಬಿಡುಗಡೆಯ ವಾರದಲ್ಲೇ ಕೇಳಬೇಕು; ಎರಡನೆಯ ಶುಕ್ರವಾರ ಬೇರೆ ಚಿತ್ರದ ಪೋಸ್ಟರ್ ಅಂಟಿಸಿರುತ್ತಾರೆ.