ಹದಿನೆಂಟು ತುಂಬಿದಾಗ ಊರಲ್ಲಿ ಏನು ನಡೆಯುತ್ತಿತ್ತು? ವಯಸ್ಸು ಮತ್ತು ಓಟು: ಒಂದು ಅಧ್ಯಯನ ಟಿಪ್ಪಣಿ

ನಮ್ಮ ಮನೆ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಬೆಳಿಗ್ಗೆ ಪೇಪರ್ ಬಂದರೆ ಮೊದಲು ತಾತನ ಕೈಗೆ. ಅವರು ಹುಡುಕುವುದು ಒಂದು ಸಣ್ಣ ಚೌಕ: ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ. ಗರಿಷ್ಠ 124.80 ಅಡಿ. ಇವತ್ತು ಎಷ್ಟಿದೆ, ಒಳಹರಿವು ಎಷ್ಟು, ನಾಲೆಗೆ ಎಷ್ಟು ಬಿಟ್ಟಿದ್ದಾರೆ. ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತಾರೆ. ಆಮೇಲೆ ಪೇಪರ್ ನನಗೆ ಸಿಗುತ್ತದೆ. ನಾನು ನೋಡುವುದು ಕೆಪಿಎಸ್‌ಸಿ, ಕೆಇಎ ನೇಮಕಾತಿ ಸುದ್ದಿ. ಒಂದೇ ಜಗಲಿ, ಒಂದೇ ಪೇಪರ್, ಇಬ್ಬರಿಗೂ ಬೇಕಾದ ಪುಟ ಬೇರೆ.

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರ ಓದುವಾಗ 'ಮತದಾನ ವರ್ತನೆ' ಪಾಠ ಬಂದಾಗೆಲ್ಲ ನನಗೆ ಈ ಜಗಲಿ ನೆನಪಾಗುತ್ತದೆ. ನನ್ನ ಜೊತೆ ಓದುತ್ತಿರುವವರಿಗೆ, ಮುಂದಿನ ಬ್ಯಾಚಿನವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆದಿಟ್ಟಿದ್ದೇನೆ.

ಪ್ರಶ್ನೆ ಸಾಮಾನ್ಯವಾಗಿ ಹೀಗೆ ಬರುತ್ತದೆ: ಯುವ ಮತದಾರರು ಮತ್ತು ಹಿರಿಯ ಮತದಾರರು ಬೇರೆ ಬೇರೆ ಅಭ್ಯರ್ಥಿಗಳನ್ನು ಯಾಕೆ ಇಷ್ಟಪಡುತ್ತಾರೆ? 'ಹುಡುಗರಿಗೆ ಬದಲಾವಣೆ ಬೇಕು, ವಯಸ್ಸಾದವರಿಗೆ ಹಳೆಯದೇ ಚೆಂದ' ಅಂತ ಬರೆದು ಮುಗಿಸುವವರೇ ಜಾಸ್ತಿ. ಆ ಉತ್ತರದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಗಂಟು ಬಿದ್ದಿವೆ. ಅದನ್ನು ಬಿಡಿಸುವುದೇ ಈ ಪಾಠ.

ಮೂರು ಎಳೆಗಳು

ಮೊದಲನೆಯದು ವಯಸ್ಸಿನ ಪರಿಣಾಮ, ಅಂದರೆ ಏಜ್ ಎಫೆಕ್ಟ್. ಮದುವೆ, ಮಕ್ಕಳು, ಜಮೀನು, ಸಾಲ, ಪಿಂಚಣಿ ಒಂದೊಂದಾಗಿ ಬಂದಂತೆ ಬೇಕು ಬೇಡಗಳೂ ಬದಲಾಗುತ್ತವೆ. ನಮ್ಮ ಜಗಲಿಯ ಪೇಪರ್ ಕಥೆ ಇದೇ. ಸರ್ಕಾರದ ಯೋಜನೆಗಳಲ್ಲೂ ಇದು ಕಾಣುತ್ತದೆ. ಸಂಧ್ಯಾ ಸುರಕ್ಷಾ 65 ದಾಟಿದವರಿಗೆ, ಯುವನಿಧಿ ಕೆಲಸ ಸಿಗದ ಪದವೀಧರರಿಗೆ ಮತ್ತು ಡಿಪ್ಲೊಮಾ ಮುಗಿಸಿದವರಿಗೆ. ಪ್ರಚಾರಕ್ಕೆ ಬಂದವರು ಒಂದೇ ಮನೆಯಲ್ಲಿ ಇಬ್ಬರಿಗೆ ಎರಡು ಮಾತು ಹೇಳುವುದು ಇದಕ್ಕೇ.

ಎರಡನೆಯದು ಕಾಲದ ಪರಿಣಾಮ, ಪೀರಿಯಡ್ ಎಫೆಕ್ಟ್. ಬರಗಾಲ, ಬೆಲೆ ಏರಿಕೆ, ಕೊರೊನಾ ಇವು ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ತಟ್ಟುತ್ತವೆ. ಆದರೆ ಎಲ್ಲ ಕಡೆ ಒಂದೇ ತರ ತಟ್ಟುವುದಿಲ್ಲ. ತುರ್ತು ಪರಿಸ್ಥಿತಿಯ ನಂತರ 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಕರ್ನಾಟಕದಲ್ಲಿ ಅದೇ ಕಾಂಗ್ರೆಸ್ 28ರಲ್ಲಿ 26 ಸ್ಥಾನ ಗೆದ್ದಿತು. ಒಂದೇ ವರ್ಷ, ಒಂದೇ ದೇಶ, ಅನುಭವ ಬೇರೆ.

ಮೂರನೆಯದು ತಲೆಮಾರಿನ ಪರಿಣಾಮ, ಕೋಹಾರ್ಟ್ ಎಫೆಕ್ಟ್. ಒಂದೇ ಹೊತ್ತಿನಲ್ಲಿ ಹುಟ್ಟಿ, ಒಂದೇ ಹೊತ್ತಿನಲ್ಲಿ ಪ್ರಾಯಕ್ಕೆ ಬಂದವರು ಆಗ ಕಂಡಿದ್ದನ್ನು ಜೀವನಪೂರ್ತಿ ಹೊತ್ತು ತರುತ್ತಾರೆ. ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಷ್ಟು ಹಿಂದೆಯೇ ಈ ವಿಚಾರವನ್ನು ಮುಂದಿಟ್ಟರು. ಹದಿನೇಳರ ಆಸುಪಾಸಿನಿಂದ ಇಪ್ಪತ್ತೈದರವರೆಗಿನ ವಯಸ್ಸಿನಲ್ಲಿ ಲೋಕ ನಮಗೆ ಮೊದಲ ಬಾರಿ ನೇರವಾಗಿ ಎದುರಾಗುತ್ತದೆ. ಆಮೇಲೆ ಬರುವುದನ್ನೆಲ್ಲ ಆ ಮೊದಲ ಅನುಭವದ ಪಕ್ಕದಲ್ಲಿಟ್ಟೇ ಅಳೆಯುತ್ತೇವೆ. ಇತ್ತೀಚೆಗೆ ಅಮೆರಿಕದಲ್ಲಿ ಯಾಯರ್ ಗಿಟ್ಜಾ, ಆಂಡ್ರ್ಯೂ ಗೆಲ್ಮನ್ ಮತ್ತವರ ಜೊತೆಯವರು ದಶಕಗಳ ಸಮೀಕ್ಷೆಗಳನ್ನು ಜೋಡಿಸಿ ನೋಡಿದಾಗಲೂ ಇದೇ ಕಂಡಿತು. ಹದಿನೆಂಟರ ಪ್ರಾಯದಲ್ಲಿ ಕಂಡ ರಾಜಕೀಯ ಘಟನೆಗೆ, ನಲವತ್ತರಲ್ಲಿ ಕಂಡ ಅಂಥದ್ದೇ ಘಟನೆಗಿಂತ ಸುಮಾರು ಮೂರು ಪಟ್ಟು ತೂಕ.

ನನ್ನ ಅಭಿಪ್ರಾಯದಲ್ಲಿ ನಮ್ಮ ಮಂಡ್ಯ, ಮೈಸೂರು ಕಡೆಯನ್ನು ಅರ್ಥ ಮಾಡಿಕೊಳ್ಳಲು ಈ ಮೂರನೆಯ ಎಳೆಯೇ ಮುಖ್ಯ. ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಒಂದು ಮನೆ, ಮೂರು ಹದಿನೆಂಟು

ತಾತ ಹುಟ್ಟಿದ್ದು 1948ರಲ್ಲಿ. ಆಗ ಓಟು ಹಾಕಲು 21 ತುಂಬಬೇಕಿತ್ತು. ಅವರ ಮೊದಲ ಓಟು 1971ರ ಲೋಕಸಭೆಗೆ. ಮರುವರ್ಷವೇ ಹುಣಸೂರಿನ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು. ತಾತ ಆಗ ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ತಾತನಿಗೆ ಸಿಕ್ಕಿದ್ದು ಒಂದೂವರೆ ಎಕರೆಗಿಂತ ಕಡಿಮೆ. ಆದರೆ ಆ ಆದೇಶದ ಪ್ರತಿ ಇವತ್ತಿಗೂ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಪಹಣಿಯ ಜೊತೆ ಇದೆ. ಮಡಿಕೆ ಬಿದ್ದ ಕಡೆ ಕಾಗದ ಹರಿದಿದೆ. ಹಿಂದೆ ಅನ್ನದ ಅಂಟು ಹಚ್ಚಿ ಇನ್ನೊಂದು ಕಾಗದ ಅಂಟಿಸಿದ್ದಾರೆ. ಒಮ್ಮೆ ನಾನು ಕೇಳಿದೆ, ಇಷ್ಟು ವರ್ಷವಾದರೂ ಆ ಕಾಲದ ಮಾತೇ ಯಾಕೆ ತಾತ ಅಂತ. 'ಭೂಮಿ ಕೊಟ್ಟ ಕಾಲವ ಮರೆಯಕ್ಕಾಯ್ತದ ಮಗ?' ಅಂದರು.

1977ರ ಆ 26 ಸ್ಥಾನಗಳ ಹಿಂದೆ ಹಲವು ಕಾರಣಗಳಿವೆ. ಭೂಸುಧಾರಣೆ ಅವುಗಳಲ್ಲಿ ಒಂದು ಅಂತ ಪುಸ್ತಕದಲ್ಲಿ ಓದುವಾಗ ನನಗೆ ಆ ಅನ್ನದ ಅಂಟು ಕಣ್ಣ ಮುಂದೆ ಬರುತ್ತದೆ.

ಅಪ್ಪ ಹುಟ್ಟಿದ್ದು 1970ರಲ್ಲಿ. ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಅದು ಜಾರಿಯಾಗಿದ್ದು 1989ರ ಮಾರ್ಚ್ 28ಕ್ಕೆ. ಅದಿಲ್ಲದಿದ್ದರೆ 1989ರ ನವೆಂಬರಿನಲ್ಲಿ ಅಪ್ಪನಿಗೆ ಓಟು ಇರುತ್ತಿರಲಿಲ್ಲ, ಆಗ ಅವರಿಗೆ 19. ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ ಬಂದಿದ್ದವು. ಅಷ್ಟರಲ್ಲಿ ಭೂಮಿಯ ಪ್ರಶ್ನೆ ಹಿಂದೆ ಸರಿದಿತ್ತು, ನೀರಿನ ಪ್ರಶ್ನೆ ಮುಂದೆ ಬಂದಿತ್ತು. 1990ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆ, 1991ರ ಜೂನ್ 25ಕ್ಕೆ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂಬ ಮಧ್ಯಂತರ ಆದೇಶ, ಆಮೇಲೆ ಬಂದ್, ಗಲಾಟೆ. ಅಪ್ಪನಿಗೆ ಆಗ 21. ಇವತ್ತಿಗೂ ಅವರು ಯಾವ ಅಭ್ಯರ್ಥಿಯ ಬಗ್ಗೆ ಕೇಳಿದರೂ ಮೊದಲ ಮಾತು, 'ನೀರಿನ ವಿಚಾರದಲ್ಲಿ ಇವನು ಎಲ್ಲಿ ನಿಂತಿದ್ದ?'

ನಾನು ಹುಟ್ಟಿದ್ದು 2004ರಲ್ಲಿ. 2020ರಲ್ಲಿ ಮಾಸ್ಕ್ ಹಾಕಿಕೊಂಡು ಎಸ್ಸೆಸ್ಸೆಲ್ಸಿ ಬರೆದ ಬ್ಯಾಚು ನಮ್ಮದು. ಮೊದಲ ಓಟು 2023ರ ಮೇ 10ಕ್ಕೆ. ನಮ್ಮ ಮಾತೆಲ್ಲ ಖಾಲಿ ಹುದ್ದೆ, ಮುಂದೂಡಿದ ಪರೀಕ್ಷೆ, ಬೆಂಗಳೂರಿನ ಪಿಜಿ ಬಾಡಿಗೆ. ಮೊದಲು ಬಾಯಿಗೆ ಬರುವುದು ಕಾವೇರಿ ಅಲ್ಲ ಅಂತ ಅಪ್ಪನಿಗೆ ಬೇಸರ. ಕಾವೇರಿ ನಮಗೆ ಬೇಡ ಅಂತಲ್ಲ. ನಮ್ಮ ಹದಿನೆಂಟರಲ್ಲಿ ಬೇರೆ ಗಾಯ ಆಗಿತ್ತು, ಅಷ್ಟೇ.

ಈಗ ಗಮನಿಸಿ: 1989ರ ಅಪ್ಪ, 2023ರ ನಾನು, ಇಬ್ಬರಿಗೂ 19. ವಯಸ್ಸು ಒಂದೇ ಆದರೂ ಅಭ್ಯರ್ಥಿಯನ್ನು ಅಳೆಯುವ ಕೋಲು ಬೇರೆ. ವಯಸ್ಸೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇಲ್ಲೇ ಎಡವುವುದು

ಚುನಾವಣೆಯ ವರ್ಷದಿಂದ ಹುಟ್ಟಿದ ವರ್ಷ ಕಳೆದರೆ ವಯಸ್ಸು. ಲೆಕ್ಕ ಸುಲಭ. ಕಷ್ಟ ಇರುವುದೂ ಇಲ್ಲೇ. ಈ ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಒಂದೇ ಚುನಾವಣೆಯ ಸಮೀಕ್ಷೆ ನೋಡಿ 'ವಯಸ್ಸಾದಂತೆ ಜನ ಈ ಪಕ್ಷದ ಕಡೆ ವಾಲುತ್ತಾರೆ' ಅನ್ನಲು ಬರುವುದಿಲ್ಲ. ಅವರು ಮೊದಲಿನಿಂದಲೂ ಹಾಗೇ ಇದ್ದಿರಬಹುದು. ಗೊತ್ತಾಗಬೇಕಾದರೆ ಅದೇ ಜನರನ್ನು ವರ್ಷಗಟ್ಟಲೆ ಬೆನ್ನು ಹತ್ತಬೇಕು. ಅಮೆರಿಕದ ಜೆನ್ನಿಂಗ್ಸ್ ಮತ್ತು ನೀಮಿ 1965ರಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳನ್ನೂ ಅವರ ತಂದೆ ತಾಯಿಯರನ್ನೂ ಮಾತಾಡಿಸಿದರು. ಅದೇ ವಿದ್ಯಾರ್ಥಿಗಳನ್ನು 1973, 1982, 1997ರಲ್ಲಿ ಮತ್ತೆ ಹುಡುಕಿ ಮಾತಾಡಿಸಲಾಯಿತು. ಪಕ್ಷದ ಒಲವು ಮನೆಯಿಂದಲೇ ಬರುವುದು ಬಹಳ ಅಂತ ಗೊತ್ತಾಯಿತು. ಬೇರೆ ಎಷ್ಟೋ ಅಭಿಪ್ರಾಯಗಳು ಹಾಗೆ ಸಲೀಸಾಗಿ ಇಳಿದು ಬರುವುದಿಲ್ಲ ಅಂತಲೂ ಗೊತ್ತಾಯಿತು.

ಇನ್ನೊಂದು ತಪ್ಪು ಕಲ್ಪನೆ, ಹುಡುಗರಿಗೆ ಹುಡುಗ ಅಭ್ಯರ್ಥಿಯೇ ಬೇಕು ಅನ್ನುವುದು. 1984ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ರೊನಾಲ್ಡ್ ರೇಗನ್‌ಗೆ 73 ವರ್ಷ. 30ರೊಳಗಿನ ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅವರಿಗೇ ಓಟು ಹಾಕಿದರು. ಅದೇ ದೇಶದಲ್ಲಿ 2008ಕ್ಕೆ ಅದೇ ವಯಸ್ಸಿನ ಗುಂಪಿನ ಸುಮಾರು 66% ಒಬಾಮಾ ಕಡೆ ಹೋಯಿತು. ರೇಗನ್ ಬಲಪಂಥದ ರಿಪಬ್ಲಿಕನ್ ಪಕ್ಷದವರು, ಒಬಾಮಾ ಎದುರಿನ ಡೆಮಾಕ್ರಟಿಕ್ ಪಕ್ಷದವರು. 'ಯುವಕರು ಯಾವಾಗಲೂ ಎಡಕ್ಕೆ' ಅನ್ನುವ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ವಯಸ್ಸೇ ದೊಡ್ಡ ಗೆರೆಯಾದ ಕಡೆಯೂ ಇದೆ. ಬ್ರಿಟನ್ನಿನಲ್ಲಿ ಯೂಗವ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ 2017ರಲ್ಲಿ ಒಬ್ಬ ಮತದಾರ ಲೇಬರ್‌ಗಿಂತ ಕನ್ಸರ್ವೇಟಿವ್ ಕಡೆ ಹೋಗುವ ಸಾಧ್ಯತೆ ಹೆಚ್ಚಾಗುತ್ತಿದ್ದದ್ದು 47ನೇ ವಯಸ್ಸಿನಲ್ಲಿ. 2019ರಲ್ಲಿ ಆ ಗಡಿ 39ಕ್ಕೆ ಇಳಿಯಿತು. ಎರಡೇ ವರ್ಷದಲ್ಲಿ ಎಂಟು ವರ್ಷ ಜರುಗಿತು ಅಂದರೆ, ಅದು ಬರೀ ವಯಸ್ಸಿನ ಕೆಲಸ ಅಲ್ಲ ಅಲ್ವಾ?

ನಮ್ಮಲ್ಲಿ ಅಳೆಯುವುದು ಹೇಗೆ

ಜರ್ಮನಿಯಲ್ಲಿ ಆಯ್ದ ಕೆಲವು ಮತಗಟ್ಟೆಗಳ ಮತಪತ್ರದ ಮೇಲೆ ವಯಸ್ಸಿನ ಗುಂಪು ಮತ್ತು ಲಿಂಗದ ಗುರುತು ಅಚ್ಚಾಗಿರುತ್ತದೆ. ಹೆಸರು ಇರುವುದಿಲ್ಲ. ಹಾಗಾಗಿ ಯಾವ ವಯಸ್ಸಿನವರು ಯಾರಿಗೆ ಹಾಕಿದರು ಅಂತ ಸರ್ಕಾರವೇ ಹೇಳುತ್ತದೆ. ನಮ್ಮ ಇವಿಎಂನಲ್ಲಿ ಅಂಥದ್ದೇನೂ ಇಲ್ಲ. ಇರುವುದು ದೆಹಲಿಯ ಸಂಶೋಧನಾ ಸಂಸ್ಥೆ ಲೋಕನೀತಿ-ಸಿಎಸ್‌ಡಿಎಸ್‌ ಮಾಡುವಂಥ ಚುನಾವಣೋತ್ತರ ಸಮೀಕ್ಷೆ. 2014ರಲ್ಲಿ ಬಿಜೆಪಿಗೆ ದೇಶದಲ್ಲಿ ಒಟ್ಟು 31% ಮತ ಬಂತು. ಆ ಸಮೀಕ್ಷೆಯಲ್ಲಿ ಮೊದಲ ಸಲ ಓಟು ಹಾಕಿದವರಲ್ಲಿ ಅದು ಕೆಲವೇ ಶೇಕಡಾ ಅಂಶ ಹೆಚ್ಚಿತ್ತು. ಅಂತರ ಇದೆ, ಆದರೆ ಬ್ರಿಟನ್ನಿನಷ್ಟು ಅಗಲವಲ್ಲ. ನಮ್ಮಲ್ಲಿ ಜಾತಿ, ಮನೆ, ಊರು ಇವು ವಯಸ್ಸಿನ ಗೆರೆಯನ್ನು ಅಡ್ಡ ಕಡಿಯುತ್ತವೆ.

ಆದ್ದರಿಂದ 2019ರಲ್ಲಿ ಮಂಡ್ಯದಲ್ಲಿ ಸುಮಲತಾ 1,25,876 ಮತಗಳಿಂದ ಗೆದ್ದಾಗ 'ಯುವಕರು ಗೆಲ್ಲಿಸಿದರು' ಅಂತಲೋ 'ಹೆಂಗಸರು ಗೆಲ್ಲಿಸಿದರು' ಅಂತಲೋ ಪರೀಕ್ಷೆಯಲ್ಲಿ ಸುಮ್ನೆ ಬರೆಯಬೇಡಿ. ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಇರಬೇಕು.

ಎಷ್ಟು ಜನ ಬಂದರು ಮತ್ತು ಯಾರಿಗೆ ಹಾಕಿದರು, ಇವೂ ಬೇರೆ ಬೇರೆ ಪ್ರಶ್ನೆಗಳು. ನಮ್ಮ ಕಡೆಯ ಹುಡುಗರ ಹೆಸರು ಊರಿನ ಪಟ್ಟಿಯಲ್ಲಿ, ಕೆಲಸ ಬೆಂಗಳೂರಿನಲ್ಲಿ. ಬಸ್ಸು ಹತ್ತಿ ಬಂದರೆ ಓಟು, ಇಲ್ಲದಿದ್ದರೆ ಇಲ್ಲ. ಅದೇ 2023ರಲ್ಲಿ 80 ದಾಟಿದವರು ಮನೆಯಲ್ಲೇ ಓಟು ಹಾಕಲು 12ಡಿ ಅರ್ಜಿ ಕೊಟ್ಟಿದ್ದರೆ ಮತಗಟ್ಟೆ ಸಿಬ್ಬಂದಿಯೇ ಮನೆಗೆ ಬಂದರು.

ಇನ್ನು, ಬೇರೆ ವಯಸ್ಸಿನವರಿಗೆ ಬೇರೆ ಅಭ್ಯರ್ಥಿಯೇ ಇಷ್ಟವಾಗಬೇಕು ಅಂತಲೂ ಇಲ್ಲ. 2023ರಲ್ಲಿ ಮೇಲುಕೋಟೆಯಲ್ಲಿ ದರ್ಶನ್ ಪುಟ್ಟಣ್ಣಯ್ಯ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. ನಮ್ಮ ಬೀದಿಯಲ್ಲಿ ಹಿರಿಯರು ಅವರನ್ನು ಕರೆಯುತ್ತಿದ್ದದ್ದು 'ಪುಟ್ಟಣ್ಣಯ್ಯನವರ ಮಗ' ಅಂತ. ರೈತನಾಯಕರಾಗಿದ್ದ ಪುಟ್ಟಣ್ಣಯ್ಯನವರ, ರೈತಸಂಘದ ಹಸಿರು ಶಾಲಿನ ನೆನಪು ಆ ಹಿರಿಯರದು. ನನ್ನ ಓರಗೆಯವರು ಹೇಳುತ್ತಿದ್ದದ್ದು 'ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವರು' ಅಂತ. ಒಬ್ಬರೇ ಮನುಷ್ಯ, ಎರಡು ತಲೆಮಾರಿನ ಕಣ್ಣಿಗೆ ಇಬ್ಬರು. ಅಂಕಿ ಅಂಶಗಳ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ. ಜಗಲಿ ಮೇಲೆ ಕೂತು ಕೇಳಿದರೆ ಮಾತ್ರ ಸಿಗುತ್ತದೆ.

ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ

ನಿಮ್ಮೂರಿನ ಮತದಾರರ ಪಟ್ಟಿ ಇಳಿಸಿಕೊಳ್ಳಿ. ಮನೆ ನಂಬರಿನ ಪ್ರಕಾರ ನೋಡಿದರೆ ತಾತ, ಮಗ, ಮೊಮ್ಮಗಳು ಒಂದೇ ಪುಟದಲ್ಲಿ ಸಿಗುತ್ತಾರೆ. ವಯಸ್ಸಿನ ಜಾಗದಲ್ಲಿ ಇರುವ ಸಂಖ್ಯೆಯಿಂದ ಅವರಿಗೆ ಮೊದಲ ಓಟು ಸಿಕ್ಕ ವರ್ಷ ಲೆಕ್ಕ ಹಾಕಿ. 1989ಕ್ಕೆ ಮುಂಚಿನವರಿಗೆ 21 ಅನ್ನುವುದು ಮರೆಯಬೇಡಿ. ಯಾರಿಗೆ ಓಟು ಹಾಕಿದಿರಿ ಅಂತ ಕೇಳಲೇಬೇಡಿ. ಹೇಳುವುದೂ ಇಲ್ಲ, ಕೇಳುವುದು ಸರಿಯೂ ಅಲ್ಲ.

ಮೊದಲ ಓಟು ಯಾವ ವರ್ಷ ಅಂದರೆ ಹಿರಿಯರಿಗೆ ನೆನಪಿರುವುದಿಲ್ಲ. ಆಗ ಗೋಡೆ ಮೇಲೆ ಯಾವ ಗುರುತು ಬರೆದಿದ್ದರು ಅಂತ ಕೇಳಿ. ಕಾಂಗ್ರೆಸ್ಸಿನ ಜೋಡೆತ್ತು ಅಂದರೆ 1967 ಅಥವಾ ಅದಕ್ಕೂ ಹಿಂದೆ. ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿನ ಹಸು ಕರು ಅಂದರೆ 1971ರಿಂದ 1977ರೊಳಗೆ. ಜನತಾ ಪಕ್ಷದ ನೇಗಿಲು ಹೊತ್ತ ರೈತ ಅಂದರೆ 1977ರ ಮೇಲೆ. ಜನತಾದಳದ ಚಕ್ರ ಅಂದರೆ 1989ರಿಂದ ಈಚೆ. ನಾನು ತಾತನನ್ನು ಕೇಳಿದಾಗ ಅವರು ವರ್ಷ ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡು, ಎಡಗೈ ಬೆರಳಿನಿಂದ ಜಗಲಿಯ ಧೂಳಿನಲ್ಲಿ ಒಂದು ಹಸು ಬರೆದರು, ಅದರ ಹೊಟ್ಟೆಯ ಕೆಳಗೆ ಒಂದು ಕರು.