ಡೆತ್ ವ್ಯಾಲಿಯ ಮೂರಡಿ ಹಳಿ: ಹದಿನಾರು ವರ್ಷ ಓಡಿದ ಬೊರಾಕ್ಸ್ ರೈಲು

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರೈಲುಮಾರ್ಗ ಶುರುವಾದದ್ದು 1914ರ ಡಿಸೆಂಬರ್‌ನಲ್ಲಿ, ನಿಂತದ್ದು 1931ರ ಮಾರ್ಚ್‌ನಲ್ಲಿ. ಉದ್ದ 20 ಮೈಲಿ, ಹಳಿಗಳ ನಡುವಿನ ಅಂತರ ಮೂರಡಿ, ಮುಖ್ಯ ಸರಕು ಒಂದೇ: ಬೊರಾಕ್ಸ್ ಅದಿರು. ಬೆಸುಗೆಗೆ ಬಳಸುವ ಬಿಳಿಗಾರವೆಂದರೆ ಇದೇ. ಇಷ್ಟು ಬೇಗ ಮುಚ್ಚಿದ್ದನ್ನು ಕಂಡವರು ಇದನ್ನು ಸೋತ ಯೋಜನೆ ಎನ್ನುವುದುಂಟು. ಅದು ಸರಿಯಲ್ಲ. ಗಣಿ ಇರುವವರೆಗೆ ಸಾಕು ಎಂಬ ಲೆಕ್ಕದಲ್ಲೇ ಹಾಕಿದ ಹಳಿ ಅದು.

ಆ ಲೆಕ್ಕ ಹಳೆಯದು. 1883ರಿಂದ 1889ರವರೆಗೆ ಹಾರ್ಮನಿ ಕಾರ್ಖಾನೆಯ ಬೊರಾಕ್ಸನ್ನು ಮೊಹಾವಿ ನಿಲ್ದಾಣಕ್ಕೆ ಎಳೆದದ್ದು ಇಪ್ಪತ್ತು ಪ್ರಾಣಿಗಳ ಬಂಡಿ: 18 ಹೇಸರಗತ್ತೆ, 2 ಕುದುರೆ, ಎರಡು ದೊಡ್ಡ ಗಾಡಿ, ಹಿಂದೊಂದು ನೀರಿನ ತೊಟ್ಟಿ. 165 ಮೈಲಿಗೆ ಸುಮಾರು ಹತ್ತು ದಿನ. ಮಾಲೀಕ ವಿಲಿಯಂ ಕೋಲ್ಮನ್ ದಿವಾಳಿಯಾದ ಮೇಲೆ ಆಸ್ತಿ ಫ್ರಾನ್ಸಿಸ್ ಮರಿಯನ್ ಸ್ಮಿತ್ ಕೈಸೇರಿತು. 1890ರಲ್ಲಿ ಪೆಸಿಫಿಕ್ ಕೋಸ್ಟ್ ಬೊರಾಕ್ಸ್ ಕಂಪನಿ ಹುಟ್ಟಿತು, ಕೆಲಸ ಕ್ಯಾಲಿಕೊ ಬೆಟ್ಟದ ಬೊರೇಟ್ ಗಣಿಗೆ ಸರಿಯಿತು.

ಅಲ್ಲಿ ಹೇಸರಗತ್ತೆಗೆ ಬದಲಾಗಿ 1894ರಲ್ಲಿ ತಂದದ್ದು 'ಓಲ್ಡ್ ಡೈನಾ' ಎಂಬ ಉಗಿ ಟ್ರ್ಯಾಕ್ಟರ್. ಅದರ ಭಾರಿ ಕಬ್ಬಿಣದ ಚಕ್ರಗಳು ಮರಳಿನಲ್ಲಿ ಹೂತುಹೋಗುತ್ತಿದ್ದವು. ಇಷ್ಟು ತೂಕವನ್ನು ಮರಳಿನ ಮೇಲೆ ಹಂಚಲು ಹಳಿ, ಸ್ಲೀಪರ್ ಬೇಕೇ ಬೇಕು. 1898ರಲ್ಲಿ 11 ಮೈಲಿಯ ಬೊರೇಟ್–ಡ್ಯಾಗೆಟ್ ಮಾರ್ಗ ಬಂತು, ಅದೂ ಮೂರಡಿಯದೇ. ಕಡಿದಾದ ಏರಿಗೆ 'ಮರಿಯನ್', 'ಫ್ರಾನ್ಸಿಸ್' ಎಂಬ ಎರಡು ಹೈಸ್ಲರ್ ಎಂಜಿನ್‌ಗಳು. ಹೈಸ್ಲರ್‌ನಲ್ಲಿ ಎರಡು ಸಿಲಿಂಡರ್ ಬಾಯ್ಲರ್ ಕೆಳಗೆ ವಿ ಆಕಾರದಲ್ಲಿ ಕೂತಿರುತ್ತವೆ. ನಡುವೆ ಉದ್ದಕ್ಕೆ ಹಾಯುವ ಶಾಫ್ಟ್, ಹಲ್ಲುಚಕ್ರದ ಮೂಲಕ ಪ್ರತಿ ಬೋಗಿಯ (ಇಲ್ಲಿ ಡಬ್ಬಿಯಲ್ಲ, ಎಂಜಿನ್ ಅಡಿಯ ತಿರುಗಬಲ್ಲ ಗಾಲಿ ಚೌಕಟ್ಟು) ಒಂದು ಅಚ್ಚನ್ನು ತಿರುಗಿಸುತ್ತದೆ. ಇನ್ನೊಂದು ಅಚ್ಚಿಗೆ ಪಕ್ಕದ ಸರಳಿನಿಂದ ಬಲ. ವೇಗ ಕಮ್ಮಿ, ಆದರೆ ಎಲ್ಲ ಗಾಲಿಯೂ ಎಳೆಯುತ್ತದೆ, ಬೋಗಿ ತಿರುವಿಗೆ ಬಾಗುತ್ತದೆ.

1907ಕ್ಕೆ ಆ ಗಣಿಯೂ ಮುಗಿಯಿತು. ಮುಂದಿನ ನೆಲೆ ಡೆತ್ ವ್ಯಾಲಿಯ ಪೂರ್ವಕ್ಕಿದ್ದ ಲೈಲಾ ಸಿ ಗಣಿ. ಓಲ್ಡ್ ಡೈನಾವನ್ನು 1904ರಲ್ಲಿ ಅಲ್ಲಿಗೂ ಹೊರಡಿಸಿ ನೋಡಿದ್ದರು. ಸುಮಾರು 14 ಮೈಲಿಗೆ ಕೈಕೊಟ್ಟಿತು. ಬುದ್ಧಿ ಕಲಿಯಲು ಎರಡು ಸಲ ಬೇಕಾಯಿತು ಅನ್ನೋಣ. ಕೊನೆಗೆ ಲಡ್ಲೋದಿಂದ ಉತ್ತರಕ್ಕೆ ಟೋನೋಪಾ–ಟೈಡ್‌ವಾಟರ್ ಎಂಬ ಸ್ಟ್ಯಾಂಡರ್ಡ್ ಗೇಜ್ (ಮೂರಡಿಗಿಂತ ಅಗಲದ, ಅಲ್ಲಿನ ಸಾಮಾನ್ಯ ಹಳಿ ಅಂತರದ) ಮಾರ್ಗ ಹಾಕಿದರು. 1907ರಲ್ಲಿ ಅದರ ಕವಲು ಲೈಲಾ ಸಿ ಮುಟ್ಟಿತು.

ಈ ಗಣಿಯೂ ಬತ್ತುತ್ತ ಬಂದಾಗ ಕಣ್ಣು ಬಿದ್ದದ್ದು ಪಶ್ಚಿಮದ ಬೆಟ್ಟದಂಚಿನಲ್ಲಿದ್ದ ಬಿಡ್ಡಿ ಮೆಕಾರ್ಥಿ ಮೊದಲಾದ ನಿಕ್ಷೇಪಗಳ ಮೇಲೆ. ಅಲ್ಲಿ ಎದ್ದ ಊರು ರಯಾನ್. ಹೊಸ ದಾರಿಯ 20 ಮೈಲಿಯಲ್ಲಿ ಸುಮಾರು 17 ಮೈಲಿ ಮಾತ್ರ ಹೊಸದಾಗಿ ಕಟ್ಟಿದ್ದು. ಡೆತ್ ವ್ಯಾಲಿ ಜಂಕ್ಷನ್‌ನಿಂದ ಮೊದಲ ಮೂರು ಮೈಲಿ ಲೈಲಾ ಸಿ ಕವಲಿನ ಮೇಲೆಯೇ ಮೂರನೇ ಹಳಿ ಜೋಡಿಸಿದರು: ಇದ್ದ ಎರಡು ಹಳಿಗಳಲ್ಲಿ ಒಂದರಿಂದ 914 ಮಿಲಿಮೀಟರ್ ಒಳಕ್ಕೆ ಇನ್ನೊಂದು. ಮಣ್ಣುಕೆಲಸ ಉಳಿಯುತ್ತದೆ, ತೊಡಕು ಬೇರೆ ಕಡೆ ಹುಟ್ಟುತ್ತದೆ. ಸ್ಟ್ಯಾಂಡರ್ಡ್ ಹಳಿಯ ಅಂತರ 1,435 ಮಿಲಿಮೀಟರ್ ಆದ್ದರಿಂದ ಎರಡು ಗೇಜುಗಳ ನಡುಗೆರೆ ಸುಮಾರು 260 ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಎರಡೂ ಬಗೆಯ ವ್ಯಾಗನ್‌ಗಳ ಕೊಂಡಿ ನೇರಕ್ಕೆ ಸಿಗುವುದಿಲ್ಲ. ಕವಲುಗಳಲ್ಲಿ ಹೆಚ್ಚುವರಿ ಹಳಿತುಂಡುಗಳು ಬೇಕು, ಸವೆತವೂ ಜಾಸ್ತಿ.

ಹಾಗಿದ್ದೂ ಮೂರಡಿ ಏಕೆ? ಬೆಟ್ಟದಲ್ಲಿ ಬಿಗಿ ತಿರುವು ಕೊಡಬಹುದು, ಅಗೆತ ಕಮ್ಮಿ, ಸ್ಲೀಪರ್ ಗಿಡ್ಡ. ಗೇಜ್ ಬದಲಾದಲ್ಲಿ ಸರಕನ್ನು ಇಳಿಸಿ ಮತ್ತೆ ತುಂಬುವ ಕೂಲಿಯೇ ಇಂಥ ಮಾರ್ಗಗಳನ್ನು ಸಾಮಾನ್ಯವಾಗಿ ಹಿಂಡುವುದು. ಇಲ್ಲಿ ಆ ತಲೆನೋವೇ ಇರಲಿಲ್ಲ, ಏಕೆಂದರೆ ಜಂಕ್ಷನ್‌ನಲ್ಲಿ ಅದಿರನ್ನು ಹೇಗೂ ಇಳಿಸಬೇಕಿತ್ತು. ರಯಾನ್‌ನ ಅದಿರು ಕೋಲ್ಮನೈಟ್. ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಅದರೊಳಗಿನ ನೀರೇ. ಕುಲುಮೆಯಲ್ಲಿ ಕಾಯಿಸಿದರೆ ನೀರು ಹಾರಿ ಅದಿರು ಪಟಪಟನೆ ಸಿಡಿದು ಪುಡಿಯಾಗುತ್ತದೆ, ಕಲ್ಲು ಮಾತ್ರ ಗಟ್ಟಿಯಾಗೇ ಉಳಿಯುತ್ತದೆ. ಜರಡಿ ಹಿಡಿದರೆ ಬೇರೆಯಾಯಿತು. ಹಗುರಾದ ಪುಡಿ ದೊಡ್ಡ ಹಳಿಯ ವ್ಯಾಗನ್ ಏರುತ್ತಿತ್ತು. ಕುಲುಮೆಯನ್ನು ಲೈಲಾ ಸಿಯಿಂದ ಜಂಕ್ಷನ್‌ಗೆ ತಂದಿಟ್ಟದ್ದು ಇಡೀ ಏರ್ಪಾಡಿನ ಜಾಣತನ. ಗಣಿಗಳ ಬಾಯಿಂದ ರಯಾನ್‌ನ ಅದಿರು ತೊಟ್ಟಿಗೆ ಎರಡಡಿಯ 'ಬೇಬಿ ಗೇಜ್' ಬೇರೆ ಇತ್ತು.

ಕಟ್ಟುವ ಕೆಲಸಕ್ಕೆ ದುಡಿದದ್ದು ಹಳೆಯ ಹೈಸ್ಲರ್ 'ಫ್ರಾನ್ಸಿಸ್'. ಓಡಾಟಕ್ಕೆ ಬಾಲ್ಡ್‌ವಿನ್ ಕಾರ್ಖಾನೆಯ ಎರಡು ಎಂಜಿನ್ ಬಂದವು, ಒಂದು 1914ರಲ್ಲಿ, ಇನ್ನೊಂದು 1916ರಲ್ಲಿ. ಎಂಟು ಚಾಲಕ ಗಾಲಿ, ಮುಂದೆ ಎರಡು ಪುಟ್ಟ ಗಾಲಿ.

ಇದನ್ನು ಮುಗಿಸಿದ್ದು ರಯಾನ್‌ನ ಗಣಿ ಬತ್ತಿದ್ದಲ್ಲ. 1920ರ ದಶಕದ ನಡುವೆ ಮೊಹಾವಿ ಮರುಭೂಮಿಯಲ್ಲಿ, ಈಗಿನ ಬೋರಾನ್ ಊರಿನ ಬಳಿ, ಕರ್ನೈಟ್ ಸಿಕ್ಕಿತು. ಕೋಲ್ಮನೈಟ್ ಕ್ಯಾಲ್ಸಿಯಂ ಲವಣ. ಬೊರಾಕ್ಸ್ ಆಗಲು ಸೋಡಾದ ಜತೆ ಬೇಯಬೇಕು. ಕರ್ನೈಟ್ ಸೋಡಿಯಂ ಲವಣವೇ ಆದ್ದರಿಂದ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಹರಳು ಕಟ್ಟಿಸಿದರೆ ಸಾಕು. ಮೇಲಾಗಿ ಸಾಂಟಾ ಫೆ ಮುಖ್ಯ ಮಾರ್ಗ ಪಕ್ಕದಲ್ಲೇ. 1928ರ ಹೊತ್ತಿಗೆ ಕಂಪನಿ ಗಣಿಗಾರಿಕೆಯನ್ನು ಅತ್ತ ಸಾಗಿಸಿತ್ತು.

ಉಳಿದ ಹಳಿಗೆ ಪ್ರವಾಸಿಗರನ್ನು ಕಟ್ಟುವ ಪ್ರಯತ್ನ ನಡೆಯಿತು. ಫರ್ನೆಸ್ ಕ್ರೀಕ್ ಇನ್ ಹೋಟೆಲು 1927ರಲ್ಲಿ ತೆರೆದಿತ್ತು. ಜನರನ್ನು ತರಲು ಬ್ರಿಲ್ ಕಂಪನಿಯ ಪೆಟ್ರೋಲ್ ರೈಲುಗಾಡಿಯೂ ಬಂತು. ಅದಿರಿಲ್ಲದೆ ಅಷ್ಟರಿಂದಲೇ ಹಳಿಯ ಖರ್ಚು ಹುಟ್ಟಲಿಲ್ಲ.

1931ರಲ್ಲಿ ಮುಚ್ಚಿದ ಮೇಲೆ ಸಾಮಗ್ರಿ ಗುಜರಿಗೆ ಹೋಗಲಿಲ್ಲ. ಎಂಜಿನ್‌ಗಳೂ ಬ್ರಿಲ್ ಗಾಡಿಯೂ ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬ್ಯಾಡ್ ಬಳಿ ಪೊಟ್ಯಾಶ್ ಗಣಿಯ ಕೆಲಸಕ್ಕೆ ಹತ್ತಿದವು. ಒಂದನೇ ಎಂಜಿನ್ ಅದೇ ಊರಲ್ಲಿ ಉಳಿದಿದೆ. ಎರಡನೆಯದು ಫರ್ನೆಸ್ ಕ್ರೀಕ್‌ನ ಬೊರಾಕ್ಸ್ ಸಂಗ್ರಹಾಲಯಕ್ಕೆ ವಾಪಸು ಬಂದಿದೆ, ಬ್ರಿಲ್ ಗಾಡಿ ಬಿಷಪ್ ಊರಿನ ಹತ್ತಿರ ಲಾಸ್ ರೈಲು ಸಂಗ್ರಹಾಲಯದಲ್ಲಿದೆ.